ಚೀಟಿಯ ತೂಕ

ಕಲಬುರಗಿ ಗಂಜಿನ ಹಿಂದುಗಡೆ, ದಾಲ್ ಮಿಲ್ಲಿನ ಗೋದಾಮು.
ತೊಗರಿಯ ಘಾಟು, ಹೊಸ ಗೋಣಿಯ ಎಣ್ಣೆವಾಸನೆ,
ಪತ್ರಾದ ಮೇಲೆ ಪಾರಿವಾಳದ ಉಗುರು.
ಮೂಟೆಯ ಹೊಟ್ಟೆಗೆ ಚುಚ್ಚಿಟ್ಟ ನನ್ನ ಗೇಣುದ್ದದ ಸಲಾಕೆ
ಹತ್ತು ದಿನದಿಂದ ಒಳಗಿನ ಪಸೆ, ಒಳಗಿನ ಕಾವು
ಬರೆದುಕೊಂಡು ಕೂತಿದೆ:
ನಲವತ್ತೆಂಟು ಸಾವಿರ ಬೈಟು.

ಮೊಬೈಲು ಹಿಡಿದು ನಿಂತೆ. ಬ್ಲೂಟೂತ್ ಕೂಡಿತು.
ನೀಲಿ ಗೆರೆ ಹರಿಯಲಿಲ್ಲ, ತೆವಳಿತು.
ಎರಡು ನಿಮಿಷ.
ಅಷ್ಟರಲ್ಲಿ ಅಂಬಾರಾಯ ಮೂರು ಮೂಟೆ ಲಾರಿಗೆ ಹಾಕಿ ಬಂದು
ಕೊರಳ ವಸ್ತ್ರದಿಂದ ಕಿವಿ ಒರೆಸಿಕೊಳ್ಳುತ್ತ
“ಏನವಾ, ನಿನ್ನ ಡಬ್ಬಿ ಉಣ್ಣದ ಬಂದದೇನು?” ಅಂದ.

ಹೇಳುವುದು ಹೇಗೆ? ಬೆರಳು ಮಡಚಿ ಹೇಳಿದೆ:
ಕಾಕಾ, ಇದು ಒಂದು ಹೊರೆಗೆ ಇಪ್ಪತ್ತೇ ಕಾಳು ಹೊರತದ.
ಹೊರೆಗೊಂದು ಚೀಟಿ, ಅದರ ತೂಕ ಮೂರು ಕಾಳು,
ಏನು, ಯಾರ ಲೆಕ್ಕಕ್ಕ, ಅಂತ.
ಹಿಂಗ ಎರಡು ಸಾವಿರದ ನಾನೂರು ಸಲ ಬಾಗಲಾ ದಾಟಬೇಕು.

ಅವನು ಗೇಟಿನ ಕಡೆ ನೋಡಿದ.
ಅಲ್ಲಿ ಮುನೀಮ ಗುಂಡೇರಾವ, ಮೂಟೆ ದೊಡ್ಡದಿರಲಿ ಸಣ್ಣದಿರಲಿ,
ಅದೇ ಕನ್ನಡಕ ಏರಿಸಿ, ಅದೇ ಪೆನ್ನು ಜಾಡಿಸಿ,
ಅದೇ ಹಳದಿ ಚೀಟಿ ಹರಿಯುತ್ತಾನೆ.
“ಮತ್ಯಾಕ ಹಿಡಿಹಿಡಿ ಹೊರಸ್ತಿ?
ಚೀಟಿ ಒಂದೇ ಅಂದಮ್ಯಾಲ ಚೀಲ ತುಂಬು.”

ಮೂರು ದಿನ ಕೈಪಿಡಿ ತಿರುವಿ
ನಾನು ಬಂದು ನಿಂತದ್ದೂ ಅಲ್ಲಿಗೇ.
ಗೋಣಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಅಂಕಿ ತಿದ್ದಿದೆ:
ಎಂಟಿಯು ಇಪ್ಪತ್ತಮೂರು ಅಳಿಸಿ ಇನ್ನೂರ ನಲವತ್ತೇಳು.
ಸಲಾಕೆ ಕೇಳಿತು, ಮೊಬೈಲು ಹೂಂ ಅಂತು.
ನೂರ ತೊಂಬತ್ತೇಳು ಹೊರೆ. ಹತ್ತು ಸೆಕೆಂಡು.
ಅಂಬಾರಾಯ ಇನ್ನೂ ವಸ್ತ್ರ ಮಡಿಚಿರಲಿಲ್ಲ.

ಆಸೆ. ಐನೂರ ಹನ್ನೆರಡು ಬರೆದೆ.
ಬಾಗಿಲು ಅಷ್ಟಗಲ ಇರಲಿಲ್ಲ. ಹೊರೆ ಹೊಸ್ತಿಲಲ್ಲೇ
ಮೂರು ತುಂಡಾಗಿ, ಒಳಗೆ ಹೋಗಿ ಮತ್ತೆ ಹೊಲಿಸಿಕೊಂಡಿತು.
ಉಳಿದದ್ದು ಏನೂ ಇಲ್ಲ.

ಆಮೇಲೆ ಹಿಂದಿನ ಗೋಡೆ.
ಶಹಾಬಾದಿ ಕಲ್ಲಿಗೆ ಹತ್ತಿ ಹನ್ನೊಂದು ಸಾಲು,
ನಡುವೆ ತೊಗರಿ, ತೊಗರಿ, ತೊಗರಿ.
ಪಸೆಯಿರುವ ಕಾಳು ಅಲೆಯನ್ನೂ ಕುಡಿಯುತ್ತದೆ.
ದೊಡ್ಡ ಹೊರೆ ಹೊರಟಿತು, ನಡುದಾರಿಯಲ್ಲಿ ಚೆಲ್ಲಿತು.
ಮತ್ತೆ ಹೊರಟಿತು. ಮತ್ತೆ ಚೆಲ್ಲಿತು.
ಒಂದು ಕಾಳು ಕೆಟ್ಟರೂ ಇಡೀ ಹೊರೆ ವಾಪಸು.
ನೀಲಿ ಗೆರೆ ಅರವತ್ತಕ್ಕೆ ನಿಂತು ನನ್ನನ್ನೇ ನೋಡಿತು.

“ಮೊದಲ ಪಲ್ಲಾದ ಚೀಲ ಇತ್ತು,” ಅಂದ ಅಂಬಾರಾಯ,
ಕುತ್ತಿಗೆಯ ಹಿಂದಿನ ಗಂಟು ಮುಟ್ಟಿಕೊಂಡು,
“ಸಪಾಟ ನೆಲದಾಗ ಓಡ್ತಿದ್ದೆ. ಒಂದಿನ ಲಾರಿ ಹಲಿಗಿ ಏರೂ ಮುಂದ
ಕಾಲು ನಡಗಿ ಚೀಲ ಒಡೀತು.
ಆರಿಸಿ ತುಂಬೂದ್ರಾಗ ಹೊತ್ತು ಮುಳಗ್ತು.
ಈಗ ಐವತ್ತು ಕೇಜಿ. ದಾರಿ ನೋಡಿ ಹೊರಸು, ತಂಗಿ.”

ನೂರು ಬರೆದೆ.
ನಾನೂರೆಂಬತ್ತು ಹೊರೆ, ಇಪ್ಪತ್ನಾಲ್ಕು ಸೆಕೆಂಡು,
ಒಂದೂ ಚೆಲ್ಲಲಿಲ್ಲ.

“ಡಬ್ಬಿಗಿ ಹೆಗಲ ನೋಯಂಗಿಲ್ಲೇನು?”
ಇಲ್ಲ ಕಾಕಾ, ತುಂಬಿ ಹೊರಸಿದ್ರ ಅದರ ಬ್ಯಾಟರಿ ಉಳೀತದ.
ನಕ್ಕ. “ಹಂಗಾದ್ರ ಅದು ಹಮಾಲ ಅಲ್ಲ ಬಿಡು, ಮುನೀಮ.”

ಪರದೆಯ ಮೇಲೆ ರೇಖೆ ಮೂಡಿತು:
ಗೋಡೆ ಪಕ್ಕ, ತಳದ ಸಾಲು, ಪಸೆ ಹದಿನಾಲ್ಕಕ್ಕೆ ಏರಿದೆ.
ಗುಂಡೇರಾವ ಕನ್ನಡಕ ಏರಿಸಿ ಓದಿ, ಇಳಿಸಿ,
ಅಂಬಾರಾಯನ ಕಡೆ ಗದ್ದ ಎತ್ತಿದ:
ಇಡೀ ಥಪ್ಪಿ ಕೆಡವಬೇಕು.

ಮುನ್ನೂರ ಹತ್ತು ಮೂಟೆ.
ಸಲಕ್ಕೊಂದು. ತಿದ್ದಲು ಅಂಕಿ ಇಲ್ಲ.
ನಾನು ಚಾರ್ಜರಿನ ವೈರು ಸುತ್ತುತ್ತಿದ್ದೆ.
ಅವನು ವಸ್ತ್ರ ಬಿಚ್ಚಿ ತಲೆಗೆ ಬಿಗಿದು
ಮೊದಲನೆಯದಕ್ಕೆ ಬೆನ್ನು ಕೊಟ್ಟ.